ಜೂಮ್‌ನಲ್ಲಿ ಹತ್ತು ಜನ ಸೇರಿದರೆ ಲೆಕ್ಕಕ್ಕೆ ಬರುತ್ತದಾ?

ಪ್ರಶ್ನೆ: ಸರ್, ನಾನು ಹಾಸನದ ಕಡೆಯವಳು. ಈಗ ಅಮೆರಿಕದ ಒರೆಗಾನ್‌ನ ಒಂದು ಸಣ್ಣ ಊರಿನಲ್ಲಿದ್ದೇನೆ. ನನ್ನ ಗಂಡ ಯಹೂದಿ. ನಾನು ಮತ ಬದಲಾಯಿಸಿಲ್ಲ, ಅವರೂ ಕೇಳಿಲ್ಲ. ನಾಲ್ಕು ತಿಂಗಳ ಹಿಂದೆ ನಮ್ಮ ಮಾವ ತೀರಿಕೊಂಡರು. ಅವತ್ತಿನಿಂದ ಇವರು ಬೆಳಗಿನ ಜಾವ ಮೂರೂಮುಕ್ಕಾಲಿಗೆ ಎದ್ದು, ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನ್ಯೂಜೆರ್ಸಿಯಲ್ಲಿ ಮಾವ ಹೋಗುತ್ತಿದ್ದ ಸಿನಗಾಗ್‌ನ (ಯಹೂದಿಗಳ ಪ್ರಾರ್ಥನಾ ಮಂದಿರ) ಪ್ರಾರ್ಥನೆಗೆ ಜೂಮ್‌ನಲ್ಲಿ ಸೇರಿ ಕದ್ದೀಶ್, ಅಂದರೆ ತೀರಿಕೊಂಡವರ ನೆನಪಿಗೆ ಹೇಳುವ ಪ್ರಾರ್ಥನೆ, ಹೇಳುತ್ತಾರೆ. ಅದು ಕನ್ಸರ್ವೇಟಿವ್ ಸಿನಗಾಗ್. ನಮಗೆ ಹತ್ತಿರದ ಸಿನಗಾಗ್ ಅಂದರೆ ಕಾರಿನಲ್ಲಿ ಎರಡೂವರೆ ಗಂಟೆ. ಆದರೆ ನಮ್ಮ ಭಾವ, ಇವರ ಅಣ್ಣ, ಕಟ್ಟುನಿಟ್ಟಿನ ಆರ್ಥೊಡಾಕ್ಸ್ ಪಂಥದವರು. "ಹತ್ತು ಜನ ಒಂದೆಡೆ ಇರಬೇಕು. ನೀನು ಮಾಡ್ತಿರೋದು ಕದ್ದೀಶ್ ಅಲ್ಲ, ಟೀವಿ ನೋಡಿದ ಹಾಗೆ" ಅಂದುಬಿಟ್ಟರು. ಇವರು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ನಮ್ಮಪ್ಪನ ತಿಥಿಯನ್ನು ನನ್ನ ತಮ್ಮ ಹಾಸನದಲ್ಲಿ ಪುರೋಹಿತರನ್ನು ವಿಡಿಯೊ ಕಾಲ್‌ನಲ್ಲಿ ಕೂರಿಸಿಕೊಂಡೇ ಮಾಡಿ ಮುಗಿಸಿದ, ಯಾರೂ ತಕರಾರು ಮಾಡಲಿಲ್ಲ. ಇವರಲ್ಲಿ ಯಾಕೆ ಇಷ್ಟೊಂದು? ಶನಿವಾರ ಲ್ಯಾಪ್‌ಟಾಪ್ ಮುಟ್ಟಬಾರದಂತೆ, ನಾನೇ ಬಟನ್ ಒತ್ತಿಕೊಡಲಾ? ಪಕ್ಕದಲ್ಲಿ ಕೂತು ನಾನೂ ಆಮೆನ್ ಅನ್ನಬಹುದಾ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಯಜಮಾನರು ಮಾಡುತ್ತಿರುವುದು ವ್ಯರ್ಥವಲ್ಲ. ಹಾಗಂತ ನಿಮ್ಮ ಭಾವ ಸುಮ್ನೆ ಚುಚ್ಚಲು ಆಡಿದ ಮಾತೂ ಅಲ್ಲ ಅದು. ನಾಳೆ ಬೆಳಗ್ಗೆ ಲ್ಯಾಪ್‌ಟಾಪ್ ತೆರೆದಾಗ ಒಂದು ವಿಷಯ ನೋಡಿಕೊಳ್ಳಿ. ಆ ಕಡೆ, ನ್ಯೂಜೆರ್ಸಿಯ ಕೋಣೆಯಲ್ಲಿ, ಹತ್ತು ಜನ ಖುದ್ದಾಗಿ ಕೂತಿದ್ದಾರಾ? ಅಥವಾ ಕೋಣೆಯಲ್ಲಿ ನಾಲ್ಕು, ಉಳಿದವರೆಲ್ಲ ಪರದೆಯ ಮೇಲಿನ ಚೌಕಗಳಲ್ಲಾ? ಅರ್ಧ ಜಗಳ ಈ ಒಂದು ಪ್ರಶ್ನೆಯಲ್ಲೇ ತೀರುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಾನು ರಬ್ಬಿ, ಅಂದರೆ ಯಹೂದಿ ಧರ್ಮಗುರು, ಅಲ್ಲ. ಬೇರೆ ಬೇರೆ ಧರ್ಮಗಳ ಆಚರಣೆಯ ಬಗ್ಗೆ ಪಾಠ ಹೇಳಿದವನು, ಆ ನೆಪದಲ್ಲಿ ಸಿನಗಾಗ್‌ಗಳ ಹಿಂದಿನ ಬೆಂಚಿನಲ್ಲಿ ಬಹಳ ವರ್ಷ ಕೂತವನು. ಕೊನೆಯ ತೀರ್ಮಾನ ನಿಮ್ಮ ಮಾವನ ಸಿನಗಾಗ್‌ನ ರಬ್ಬಿಯದ್ದು.

ತಿಥಿಯ ಹೋಲಿಕೆಯಿಂದಲೇ ಶುರು ಮಾಡೋಣ, ಗಂಟು ಇರುವುದು ಅಲ್ಲೇ. ನಿಮ್ಮ ತಮ್ಮ ಪಿಂಡ ಇಟ್ಟಿದ್ದು ತನ್ನ ಕೈಯಲ್ಲಿ. ಎಳ್ಳುನೀರು ಬಿಟ್ಟಿದ್ದೂ ತನ್ನ ಕೈಯಲ್ಲಿ. ಪುರೋಹಿತರು ದೂರದಿಂದ ಮಂತ್ರ ಹೇಳಿಕೊಟ್ಟರು, ಅಷ್ಟೆ. ಕರ್ತೃ ಒಬ್ಬನಿದ್ದರೆ ಕೆಲಸ ನಡೆಯುತ್ತದೆ. ಕದ್ದೀಶ್‌ನಲ್ಲಿ ಪಿಂಡವಿಲ್ಲ, ನೀರಿಲ್ಲ, ಕೈಗೆ ಕೆಲಸವೇ ಇಲ್ಲ. ಇರುವುದು ಮಾತು ಮಾತ್ರ, ಹೆಚ್ಚಿನದು ಅರಮಾಯಿಕ್ ಭಾಷೆಯದ್ದು. ಆ ಮಾತನ್ನು ಒಮ್ಮೆ ಗಮನವಿಟ್ಟು ಕೇಳಿ. "ಯಿತ್ಗದಲ್ ವೆಯಿತ್ಕದಶ್ ಶ್ಮೆ ರಬ್ಬಾ" ಅಂತ ಶುರುವಾಗುತ್ತದೆ, ದೇವರ ಆ ಮಹಾ ಹೆಸರು ದೊಡ್ಡದಾಗಲಿ, ಪವಿತ್ರವಾಗಲಿ ಅಂತ. ಕೊನೆಯವರೆಗೂ ಸಾವು ಅನ್ನುವ ಪದ ಬರುವುದಿಲ್ಲ. ಅಪ್ಪನ ಹೆಸರು ಬರುವುದಿಲ್ಲ. ಆತ್ಮಕ್ಕೆ ಶಾಂತಿ ಸಿಗಲಿ ಅನ್ನುವುದೂ ಇಲ್ಲ. ಬರುವುದು "ಇಮ್ರು ಆಮೆನ್" ಅನ್ನುವ ಮಾತು, ಮತ್ತೆ ಮತ್ತೆ. ಅಂದರೆ "ಆಮೆನ್ ಅನ್ನಿ". ಬಹುವಚನ. ಅಪ್ಪನನ್ನು ಕಳೆದುಕೊಂಡವನು ಎದ್ದು ನಿಂತು, ಸುತ್ತ ಇರುವವರಿಗೆ "ನೀವೆಲ್ಲ ಅನ್ನಿ" ಅಂತ ಕೇಳುತ್ತಾನೆ. ಅನ್ನುವವರೇ ಇಲ್ಲದಿದ್ದರೆ ಕೇಳುವುದು ಯಾರನ್ನ?

ಅದಕ್ಕೇ ಮಿನ್ಯಾನ್, ಅಂದರೆ ಹತ್ತು ಜನರ ಕೋರಂ. ಹದಿಮೂರು ತುಂಬಿದವರು ಬೇಕು. ಆರ್ಥೊಡಾಕ್ಸ್‌ನಲ್ಲಿ ಗಂಡಸರು ಮಾತ್ರ ಲೆಕ್ಕ. ಕನ್ಸರ್ವೇಟಿವ್‌ನಲ್ಲಿ 1973ರಿಂದ ಹೆಂಗಸರನ್ನೂ ಎಣಿಸಲು ಒಪ್ಪಿಗೆ ಇದೆ. (ಹೆಸರು ನೋಡಿ ಮೋಸ ಹೋಗಬೇಡಿ, ಕನ್ಸರ್ವೇಟಿವ್ ಅನ್ನುವುದು ಅಲ್ಲಿ ಮಧ್ಯದ ದಾರಿ. ಕಟ್ಟುನಿಟ್ಟಿನ ಆರ್ಥೊಡಾಕ್ಸ್ ಒಂದು ಕಡೆ, ಸಡಿಲವಾದ ರಿಫಾರ್ಮ್ ಇನ್ನೊಂದು ಕಡೆ.) ಹತ್ತೇ ಯಾಕೆ? ಮೋಶೆ ಕನಾನ್ ದೇಶ ನೋಡಿಬರಲು ಹನ್ನೆರಡು ಗೂಢಚಾರರನ್ನು ಕಳಿಸಿದ. ಇಬ್ಬರು ಧೈರ್ಯದ ಮಾತಾಡಿದರು, ಉಳಿದ ಹತ್ತು ಜನ "ಅಯ್ಯೋ ಆಗಲ್ಲ" ಅಂತ ಗೊಣಗಿದರು. ದೇವರು ಆ ಹತ್ತು ಜನರನ್ನು "ಈ ಕೆಟ್ಟ ಸಭೆ" ಅಂತ ಕರೆದ. ಹಾಗಾಗಿ ಸಭೆ ಅಂದರೆ ಹತ್ತು, ಅಂತ ಯಹೂದಿ ಶಾಸ್ತ್ರಚರ್ಚೆಯ ಹಳೆಯ ಗ್ರಂಥ ತಾಲ್ಮೂದ್ ಲೆಕ್ಕ ಹಾಕಿತು. ಗೊಣಗುವವರಿಂದ ಸಭೆಯ ಅಳತೆ ಸಿಕ್ಕಿದ್ದು ನನಗಂತೂ ಇಷ್ಟ. ಯಾವುದೇ ದೇವಸ್ಥಾನದ ಕಮಿಟಿಯಲ್ಲಿ ಕೂತವರಿಗೂ ಇದು ಅರ್ಥವಾಗುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಹತ್ತು ಜನ ಇಲ್ಲದಿದ್ದರೆ ಪ್ರಾರ್ಥನೆಯೇ ಇಲ್ಲ ಅಂತಲ್ಲ. ದಿನದ ಪ್ರಾರ್ಥನೆಯ ಬಹುಪಾಲನ್ನು ಒಬ್ಬರೇ ಮನೆಯಲ್ಲಿ ಹೇಳಬಹುದು. ಕದ್ದೀಶ್, ತೋರಾ (ಮೋಶೆಯ ಐದು ಪುಸ್ತಕ) ಓದುವುದು, ಇನ್ನು ಕೆಲವಕ್ಕೆ ಮಾತ್ರ ಸಭೆ ಬೇಕು. ದೇವರಿಗೆ ಇಂಟರ್ನೆಟ್‌ನಲ್ಲಿ ಕೇಳಿಸುತ್ತದಾ ಇಲ್ಲವಾ ಅನ್ನುವುದು ಅಲ್ಲಿ ಯಾರ ತಲೆನೋವೂ ಅಲ್ಲ. "ಕಬ್ಬಿಣದ ಗೋಡೆ ಕೂಡ ಇಸ್ರೇಲರನ್ನೂ ಅವರ ತಂದೆಯನ್ನೂ ಬೇರೆ ಮಾಡಲಾರದು" ಅಂತ ತಾಲ್ಮೂದ್‌ನಲ್ಲೇ ಇದೆ. ಜಗಳ ಇರುವುದು ಜನರು ಒಬ್ಬರಿಗೊಬ್ಬರು ಸಿಗುವುದರ ಬಗ್ಗೆ.

ಯೋಸೆಫ್ ಕಾರೋ ಬರೆದ, 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಶುಲ್ಖಾನ್ ಆರುಖ್ ಅನ್ನುವ ಧರ್ಮಶಾಸ್ತ್ರದ ಪುಸ್ತಕದಲ್ಲಿ ಈ ಲೆಕ್ಕವೆಲ್ಲ ಬಿಡಿಸಿಟ್ಟಿದೆ. ಹತ್ತೂ ಜನ ಒಂದೇ ಜಾಗದಲ್ಲಿರಬೇಕು. ಹೊರಗೆ ನಿಂತವನು ಕಿಟಕಿಯಲ್ಲಿ ಮುಖ ತೋರಿಸಿದರೆ, ಆ ಕಿಟಕಿ ಮಹಡಿಗಳಷ್ಟು ಎತ್ತರದಲ್ಲಿದ್ದರೂ, ಅವನು ಸೇರುತ್ತಾನೆ. ಇನ್ನೂ ಒಂದು ಮಾತಿದೆ: ಹತ್ತು ಜನ ಒಂದೆಡೆ ಸೇರಿ ಕದ್ದೀಶ್ ಹೇಳುತ್ತಿದ್ದರೆ, ಅವರ ಜೊತೆ ಇಲ್ಲದವನೂ ಕೇಳಿಸಿಕೊಂಡು ಆಮೆನ್ ಅನ್ನಬಹುದು. ಈಗ ನಿಮ್ಮ ಲ್ಯಾಪ್‌ಟಾಪ್ ಪರದೆ ಕಿಟಕಿಯಾ, ಕಿಟಕಿಯ ಚಿತ್ರವಾ?

2001ರಲ್ಲೇ, ಅಂದರೆ ಜೂಮ್ ಹುಟ್ಟುವುದಕ್ಕೆ ಎಷ್ಟೋ ಮುಂಚೆ, ಕನ್ಸರ್ವೇಟಿವ್‌ನವರ ಧರ್ಮಶಾಸ್ತ್ರ ಸಮಿತಿಗೆ ಈ ಪ್ರಶ್ನೆ ಬಂತು. ರಬ್ಬಿ ಅವ್ರಂ ರೈಸ್ನರ್ ಬರೆದ ಉತ್ತರವನ್ನು ಸಮಿತಿ ಒಪ್ಪಿಕೊಂಡಿತು. ಸಾರ ಇಷ್ಟು: ಇಂಟರ್ನೆಟ್ ಮೇಲೆ ಹತ್ತು ಜನರನ್ನು ಕೂಡಿಸಿ ಮಿನ್ಯಾನ್ ಮಾಡಲಾಗುವುದಿಲ್ಲ. ಆದರೆ ಒಂದು ಕೋಣೆಯಲ್ಲಿ ಹತ್ತು ಜನ ಖುದ್ದಾಗಿ ಸೇರಿದ ಮೇಲೆ, ದೂರದಲ್ಲಿರುವವರು ಕೇಳಿ ಉತ್ತರಿಸಬಹುದು, ಆ ಕೋಣೆಯಲ್ಲಿ ಯಾರಾದರೂ ಕದ್ದೀಶ್ ಹೇಳುತ್ತಿದ್ದರೆ ಜೊತೆಗೆ ತಾವೂ ಹೇಳಬಹುದು. ನ್ಯೂಜೆರ್ಸಿಯ ಕೋಣೆಯಲ್ಲಿ ತಲೆ ಎಣಿಸಿ ಅಂದಿದ್ದು ಇದಕ್ಕೇ. ಅಲ್ಲಿ ಹತ್ತು ಇದ್ದರೆ ನಿಮ್ಮವರದ್ದು ಕಾಟಾಚಾರವಲ್ಲ, ಮಾವ ನಡೆದ ದಾರಿಯಲ್ಲೇ ಅದಕ್ಕೆ ಜಾಗ ಇದೆ.

ಕೊರೊನಾ ಬಂದಾಗ ಈ ಗೆರೆ ಸರಿಯಿತು. 2020ರ ಮಾರ್ಚ್ 17ರಂದು ಅದೇ ಸಮಿತಿಯ ಮುಖ್ಯಸ್ಥರು, ಇದು ತುರ್ತು ಕಾಲ, ಪರದೆಯ ಮೇಲೆ ಒಬ್ಬರನ್ನೊಬ್ಬರು ನೋಡುತ್ತ ಸೇರಿದ ಹತ್ತನ್ನೂ ಎಣಿಸಲು ಆಯಾ ಊರಿನ ರಬ್ಬಿ ಅನುಮತಿ ಕೊಡಬಹುದು ಅಂದರು. ಆರ್ಥೊಡಾಕ್ಸ್ ಒಪ್ಪಲಿಲ್ಲ. ಅವರು ಅಂಗಳದಲ್ಲಿ, ಜಗಲಿಯಲ್ಲಿ, ಒಬ್ಬರಿಗೊಬ್ಬರು ಕಾಣುವಂತೆ ದೂರ ದೂರ ನಿಂತು ಪ್ರಾರ್ಥಿಸಿದರು, ಅದೂ ಆಗದಿದ್ದಾಗ ಕದ್ದೀಶ್ ಬಿಟ್ಟರು. ಅದೇ ವಸಂತದಲ್ಲಿ ಇಸ್ರೇಲಿನ ಹದಿನಾಲ್ಕು ಸೆಫಾರ್ದಿ (ಸ್ಪೇನ್, ಉತ್ತರ ಆಫ್ರಿಕದ ಕಡೆಯ ಸಂಪ್ರದಾಯದ) ರಬ್ಬಿಗಳು, ಒಂಟಿಯಾಗಿರುವ ಹಿರಿಯರ ಸಲುವಾಗಿ ಪಾಸೋವರ್ ಹಬ್ಬದ ರಾತ್ರಿಯ ಊಟಕ್ಕೆ ಜೂಮ್ ಹಚ್ಚಿಡಬಹುದು ಅಂದಾಗ, ಅಲ್ಲಿನ ಮುಖ್ಯ ರಬ್ಬಿಗಳ ಪೀಠವೇ ವಿರೋಧಿಸಿತು. ತುರ್ತು ಮುಗಿದ ಮೇಲೆ ಕನ್ಸರ್ವೇಟಿವ್ ಸಿನಗಾಗ್‌ಗಳಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ. ಕೆಲವರು ಹಳೆಯ ಗೆರೆಗೆ ಮರಳಿದರು, ಕೆಲವರು ಪರದೆಯವರನ್ನೂ ಎಣಿಸುತ್ತಲೇ ಇದ್ದಾರೆ. ನೀವು ಕೇಳಬೇಕಾದ್ದು "ಯಹೂದಿ ಧರ್ಮ ಏನನ್ನುತ್ತದೆ" ಅಂತಲ್ಲ, "ನಮ್ಮ ಸಿನಗಾಗ್‌ನಲ್ಲಿ ಈಗ ಹೇಗೆ ಎಣಿಸುತ್ತೀರಿ" ಅಂತ.

ಭಾವನವರ ಕಡೆಯ ವಾದವನ್ನೂ ಕೇಳಿ. ಆರ್ಥೊಡಾಕ್ಸ್ ಅಂದರೆ ಇಂಟರ್ನೆಟ್‌ಗೆ ಹೆದರುವವರು ಅನ್ನುವುದು ಪೂರ್ತಿ ನಿಜವಲ್ಲ. 2012ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸಿಟಿ ಫೀಲ್ಡ್ ಮೈದಾನದಲ್ಲಿ ಸುಮಾರು 40,000 ಗಂಡಸರು ಇಂಟರ್ನೆಟ್ಟಿನ ಕೇಡಿನ ಬಗ್ಗೆ ಭಾಷಣ ಕೇಳಲು ಸೇರಿದ್ದು ನಿಜ. ಆದರೆ ಅವರ ಭಯ ಪರದೆಯಲ್ಲಿ ಏನು ಕಾಣುತ್ತದೆ ಅನ್ನುವುದರ ಬಗ್ಗೆ. ಧರ್ಮಶಾಸ್ತ್ರದ ಸಾವಿರಾರು ಉತ್ತರಗಳನ್ನು ಕಂಪ್ಯೂಟರಿನಲ್ಲಿ ಹುಡುಕುವ ಕೆಲಸ ಇಸ್ರೇಲಿನಲ್ಲಿ ಶುರುವಾದದ್ದು 1963ರಲ್ಲಿ. ದಿನಕ್ಕೊಂದು ಹಾಳೆಯಂತೆ ತಾಲ್ಮೂದ್ ಓದುವ ದಾಫ್ ಯೋಮಿ ಪದ್ಧತಿ 1923ರಲ್ಲಿ ವಿಯೆನ್ನಾದ ಒಂದು ಸಮ್ಮೇಳನದಲ್ಲಿ ಹುಟ್ಟಿತು. 2,711 ಹಾಳೆ, ಏಳೂವರೆ ವರ್ಷ. ಇವತ್ತು ಅದನ್ನು ರೈಲಿನಲ್ಲಿ ಫೋನಿನಲ್ಲಿ ಕೇಳಿಕೊಂಡು ಹೋಗುವ ಆರ್ಥೊಡಾಕ್ಸ್ ಜನ ಲೆಕ್ಕವಿಲ್ಲದಷ್ಟು. ಕಲಿಯಲು ಯಂತ್ರ ಬೇಕಾದಷ್ಟು ಬಳಸಿ, ಎಣಿಸಲು ಮಾತ್ರ ಬೇಡ ಅನ್ನುತ್ತಾರೆ. ಜೆರುಸಲೇಮಿನಲ್ಲಿ ದೊಡ್ಡ ಪಂಡಿತರಾಗಿದ್ದವರು ರಬ್ಬಿ ಶ್ಲೋಮೋ ಝಲ್ಮಾನ್ ಆವರ್‌ಬಾಖ್. ಮೈಕು, ಫೋನುಗಳಲ್ಲಿ ಕೇಳುವುದು ಮನುಷ್ಯನ ದನಿಯಲ್ಲ, ಯಂತ್ರ ಹೊಸದಾಗಿ ಹುಟ್ಟಿಸಿದ ಸದ್ದು ಅಂತ ಅವರು ವಾದಿಸಿದರು. ನಿಮ್ಮ ಭಾವ "ಟೀವಿ" ಅಂದಿದ್ದರ ಬೇರು ಎಲ್ಲೋ ಇಲ್ಲೇ ಇದೆ. ಒರಟಾಗಿ ಹೇಳಿದರು, ಅದು ಬೇರೆ ಮಾತು.

ದೂರದ ಭಕ್ತ ಸಮುದಾಯ ಅನ್ನುವುದು ಇವರಿಗೆ ಹೊಸದೇನೂ ಅಲ್ಲ. ಒಂಬತ್ತನೇ ಶತಮಾನದಲ್ಲಿ ಸ್ಪೇನಿನ ಯಹೂದಿಗಳು "ಪ್ರಾರ್ಥನೆಯ ಕ್ರಮ ಹೇಗೆ?" ಅಂತ ಇರಾಕಿನ ರಾವ್ ಅಮ್ರಾಮ್‌ಗೆ ಕಾಗದ ಬರೆದರು. ಅವರ ಉತ್ತರವೇ ಯಹೂದಿಗಳ ಮೊದಲ ಪೂರ್ಣ ಪ್ರಾರ್ಥನಾ ಪುಸ್ತಕ ಆಯಿತು. ನಮ್ಮ ಮಂಗಳೂರಿನಲ್ಲೂ ಒಬ್ಬರಿದ್ದರು. ಟ್ಯುನೀಶಿಯ ಮೂಲದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು. ಆಶು ಅನ್ನುವ ದಾಸಿಯನ್ನು ಬಿಡುಗಡೆ ಮಾಡಿ ಅವನು ಬರೆದ ಪತ್ರ 1132ರಲ್ಲಿ ಮಂಗಳೂರಿನಲ್ಲೇ ತಯಾರಾದದ್ದು. ಅವನ ಕಾಗದಗಳು ಕೈರೋದ ಹಳೆಯ ಸಿನಗಾಗ್‌ನ ಕೋಣೆಯೊಂದರಲ್ಲಿ ಉಳಿದುಕೊಂಡಿದ್ದವು. ಏಡನ್‌ನ ಗೆಳೆಯರು ಅವನಿಗೆ ಹಡಗಿನಲ್ಲಿ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಹಾಳೆ ಕಳಿಸುತ್ತಿದ್ದರು. ಲೆಕ್ಕಪತ್ರ, ಊರಿನ ಸುದ್ದಿ ಎಲ್ಲ ಬರುತ್ತಿತ್ತು. ಹತ್ತು ಜನರನ್ನು ಮಾತ್ರ ಕಾಗದದಲ್ಲಿ ಸುತ್ತಿ ಕಳಿಸಲು ಆಗುತ್ತಿರಲಿಲ್ಲ. ಕೊಚ್ಚಿಯಲ್ಲಿ ಈಗಲೂ ಇದೇ ಕಥೆ. 1568ರ ಪರದೇಸಿ ಸಿನಗಾಗ್ ನಿಂತಿದೆ, ನೆಲದ ನೀಲಿ ಹಂಚುಗಳು ಹೊಳೆಯುತ್ತಿವೆ, ಜನ ಇಸ್ರೇಲಿಗೆ ಹೋದರು. ಹತ್ತು ತುಂಬಬೇಕಾದರೆ ಬಂದುಹೋಗುವ ಪ್ರವಾಸಿಗಳಲ್ಲಿ ಯಹೂದಿ ಯಾರಾದರೂ ಇದ್ದಾರಾ ಅಂತ ನೋಡಬೇಕು.

ಪರದೆಯ ನಿಜವಾದ ಅಪಾಯ ನನಗೆ ಕಂಡದ್ದು ಶಾಸ್ತ್ರದ ಪುಸ್ತಕದಲ್ಲಲ್ಲ. ನಾನು ಹೋಗುತ್ತಿದ್ದ ಒಂದು ಸಿನಗಾಗ್‌ನಲ್ಲಿ ಚಳಿಗಾಲದ ಬೆಳಗ್ಗೆ ಒಂಬತ್ತೇ ಜನ ಸೇರಿದ ದಿನ, ಒಬ್ಬರು ಎದುರು ಮನೆಯ ಬಾಗಿಲು ಬಡಿಯುತ್ತಿದ್ದರು. ಐದು ನಿಮಿಷಕ್ಕೆ ಪೈಜಾಮದ ಮೇಲೆ ಕೋಟು ಹಾಕಿಕೊಂಡು, ಕಾಲಿಗೆ ಮನೆಯ ಚಪ್ಪಲಿಯಲ್ಲೇ ಒಬ್ಬ ಮುದುಕರು ಬರುತ್ತಿದ್ದರು. ಬಂದು ಒಂದು ಮಾತೂ ಆಡದೆ ಕೂರುವರು. ಅಪ್ಪನನ್ನು ಕಳೆದುಕೊಂಡ ಹುಡುಗನೊಬ್ಬ ಎದ್ದು ಕದ್ದೀಶ್ ಹೇಳುವನು. ಮುಗಿದ ಮೇಲೆ ಮುದುಕರು ಅವನ ಭುಜ ತಟ್ಟಿ ಮನೆಗೆ. ಕೊರೊನಾ ಕಳೆದ ಮೇಲೆ ಅದೇ ಜಾಗಕ್ಕೆ ಹೋದೆ. ಕೋಣೆಯಲ್ಲಿ ಐದು ಜನ, ಗೋಡೆಯ ಪರದೆಯಲ್ಲಿ ಹದಿನೈದು ಚೌಕ. ಅದರಲ್ಲೊಂದು ಚೌಕದಲ್ಲಿ ಎದುರು ಮನೆಯ ಅದೇ ಮುದುಕರು! ರಸ್ತೆ ದಾಟುವ ಜಾಗದಲ್ಲಿದ್ದವರು ಮನೆಯಲ್ಲೇ ಉಳಿದರು. ಹತ್ತರ ನಿಯಮ ಇದ್ದದ್ದು ಅವರನ್ನು ಹಾಸಿಗೆಯಿಂದ ಎಬ್ಬಿಸಲು. ಒರೆಗಾನ್‌ನಲ್ಲಿರುವ ನಿಮ್ಮವರಿಗೆ ಪರದೆ ಬಾಗಿಲು ತೆಗೆಯಿತು, ಎದುರು ಮನೆಯವರಿಗೆ ಅದೇ ಪರದೆ ಬಾಗಿಲು ಹಾಕಿಕೊಳ್ಳಲು ನೆಪವಾಯಿತು. ಇದೇ ಕಾರಣಕ್ಕೆ ನಾನು ಇಂಥದ್ದರಲ್ಲಿ 2001ರ ಹಳೆಯ ಗೆರೆಯ ಕಡೆಯವನು.

ಇನ್ನು ದಾರಿಗಳು.

ನ್ಯೂಜೆರ್ಸಿಯ ಕೋಣೆಯಲ್ಲಿ ಹತ್ತು ಇದ್ದರೆ ಈಗಿನಂತೆಯೇ ಮುಂದುವರಿಸಿ. ಹತ್ತು ತುಂಬದ ದಿನ ಏನು ಮಾಡಬೇಕು ಅಂತ ರಬ್ಬಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬೆಳಗಿನ ನಾಲ್ಕಕ್ಕೆ ಅದನ್ನು ನಿರ್ಧರಿಸಲು ಹೋದರೆ ಮನಸ್ಸು ಕೆಡುತ್ತದೆ. ಪರದೆಯವರನ್ನೂ ಎಣಿಸುವ ಸಿನಗಾಗ್ ಆದರೆ ಅದೂ ಅವರ ಪದ್ಧತಿಯೇ, ಆದರೆ ಭಾವನವರ ಒಪ್ಪಿಗೆ ಅದಕ್ಕೆ ಯಾವತ್ತೂ ಸಿಗುವುದಿಲ್ಲ ಅನ್ನುವುದನ್ನು ಒಪ್ಪಿಕೊಂಡುಬಿಡಿ.

ತಿಂಗಳಿಗೊಮ್ಮೆಯಾದರೂ ಆ ಎರಡೂವರೆ ಗಂಟೆ ದಾರಿ ಹೋಗಿಬರಲಿ, ಭಾನುವಾರ ಹೆಚ್ಚಿನ ಕಡೆ ಬೆಳಗಿನ ಪ್ರಾರ್ಥನೆ ತಡವಾಗಿ ಶುರುವಾಗುತ್ತದೆ. ಲೆಕ್ಕಕ್ಕಾಗಿ ಹೇಳುತ್ತಿಲ್ಲ. ಜೂಮ್‌ನಲ್ಲಿ ಎಲ್ಲರನ್ನೂ ಮ್ಯೂಟ್ ಮಾಡಿರುತ್ತಾರೆ, ಇಲ್ಲದಿದ್ದರೆ ಹದಿನೈದು ಆಮೆನ್ ಹದಿನೈದು ಹೊತ್ತಿಗೆ ಬಂದು ಗದ್ದಲ. ಹಾಗಾಗಿ ನಿಮ್ಮವರು "ಆಮೆನ್ ಅನ್ನಿ" ಅಂದ ಮೇಲೆ ಬರುವುದು ಮೌನ, ತುಟಿ ಅಲ್ಲಾಡುವುದು ಮಾತ್ರ ಕಾಣುತ್ತದೆ. ಹಿಂದೆ ಅಲೆಕ್ಸಾಂಡ್ರಿಯದಲ್ಲಿ ಒಂದು ಸಿನಗಾಗ್ ಎಷ್ಟು ದೊಡ್ಡದಿತ್ತು ಅಂದರೆ, ಹಿಂದಿನವರಿಗೆ ದನಿ ಕೇಳುತ್ತಿರಲಿಲ್ಲವಂತೆ. ನಡುವಿನ ವೇದಿಕೆಯಲ್ಲಿ ಒಬ್ಬ ಬಟ್ಟೆ ಬೀಸಿದಾಗ ಎಲ್ಲರೂ ಆಮೆನ್ ಅನ್ನುತ್ತಿದ್ದರಂತೆ. ಏನಕ್ಕೆ ಅನ್ನುತ್ತಿದ್ದೇವೆ ಅಂತ ಗೊತ್ತಿಲ್ಲದೆ ಅಂದ ಆಮೆನ್‌ಗೆ ತಾಲ್ಮೂದ್ ಇಟ್ಟ ಹೆಸರು "ಅನಾಥ ಆಮೆನ್". ನಿಮ್ಮವರದ್ದು ತಿರುವುಮುರುವು, ಅವರು ಅನಾಥರಾಗಿ ಕೇಳುತ್ತಾರೆ, ಉತ್ತರ ಕಿವಿಗೆ ಬೀಳುವುದಿಲ್ಲ. ಒಂದು ಸಲ ಕೋಣೆ ತುಂಬ ಗಂಟಲುಗಳು ಒಟ್ಟಿಗೆ ಆಮೆನ್ ಅಂದದ್ದನ್ನು ಕೇಳಿ ಬಂದರೆ ಮುಂದಿನ ಮೂವತ್ತು ದಿನಕ್ಕೆ ಅದು ಸಾಕಾಗುತ್ತದೆ.

ದುಡ್ಡು ಕೊಟ್ಟು ಬೇರೆಯವರಿಂದ ಕದ್ದೀಶ್ ಹೇಳಿಸುವ ಪದ್ಧತಿ ಹಳೆಯದು, ಈಗ ಆನ್‌ಲೈನ್‌ನಲ್ಲೂ ಸಿಗುತ್ತದೆ. ತಪ್ಪಲ್ಲ. ಆದರೆ ನಿಮ್ಮ ಮನೆಗೆ ಅದು ಬೇಕಿಲ್ಲ. ನಿಮ್ಮ ಭಾವ ತಮ್ಮ ಸಿನಗಾಗ್‌ನಲ್ಲಿ ಹೇಗೂ ಹೇಳುತ್ತಿರುತ್ತಾರೆ ಅಲ್ವಾ? ಅಂದಮೇಲೆ ಮಾವನಿಗೆ ಕದ್ದೀಶ್ ತಪ್ಪಿಲ್ಲ. ಈ ಒಂದು ಮಾತನ್ನು ನಿಮ್ಮವರಿಗೆ ಹೇಳಿ ನೋಡಿ, ಎದೆಯ ಭಾರ ಸ್ವಲ್ಪ ಇಳಿಯಬಹುದು.

ಅಣ್ಣತಮ್ಮಂದಿರಿಗೆ ನನ್ನದೊಂದು ಸಲಹೆ ಇದೆ. ತೀರಿಕೊಂಡವರ ನೆನಪಿಗೆ ಮಿಶ್ನಾ, ಅಂದರೆ ತಾಲ್ಮೂದ್‌ಗೆ ಬುನಾದಿಯಾದ ಹಳೆಯ ನಿಯಮಗಳ ಸಂಗ್ರಹ, ಓದುವ ಪದ್ಧತಿ ಇದೆ. ಹೀಬ್ರೂನಲ್ಲಿ ಮಿಶ್ನಾ ಮತ್ತು ಆತ್ಮ ಅನ್ನುವ ನೆಶಾಮಾ ಎರಡಕ್ಕೂ ಅವೇ ನಾಲ್ಕು ಅಕ್ಷರ, ಜಾಗ ಬೇರೆ. ಸತ್ತವರ ಹೆಸರಿನ ಒಂದೊಂದು ಅಕ್ಷರದಿಂದ ಶುರುವಾಗುವ ಅಧ್ಯಾಯಗಳನ್ನು ಆರಿಸಿ ಓದುತ್ತಾರೆ. ಇದಕ್ಕೆ ಹತ್ತು ಜನ ಬೇಡ, ಒಂದೇ ಕೋಣೆ ಬೇಡ. ಸೆಫಾರಿಯಾ ಅನ್ನುವ ತಾಣದಲ್ಲಿ ಮೂಲವೂ ಇಂಗ್ಲಿಷ್ ಅನುವಾದವೂ ಪುಕ್ಕಟೆ ಸಿಗುತ್ತವೆ. ವಾರಕ್ಕೊಂದು ಸಲ, ಶನಿವಾರ ಬಿಟ್ಟು, ಭಾವನಿಗೆ ಫೋನ್ ಮಾಡಿ "ಅಪ್ಪನ ಹೆಸರಿನ ಮೊದಲ ಅಕ್ಷರದ ಅಧ್ಯಾಯ ನನಗೆ ಓದಿಸು" ಅಂತ ಇವರೇ ಕೇಳಲಿ. ಕಟ್ಟಾ ಆರ್ಥೊಡಾಕ್ಸ್ ಮನುಷ್ಯನಿಗೂ ಇದಕ್ಕೆ ಇಲ್ಲ ಅನ್ನಲು ಕಾರಣ ಸಿಗುವುದಿಲ್ಲ.

ಶನಿವಾರದ ಬಟನ್ ವಿಷಯ. ಸಬ್ಬತ್ ದಿನ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ವಿಶ್ರಾಂತಿಯ ದಿನ, ಮಾಡಬಾರದ ಕೆಲಸಗಳು 39 ಬಗೆ, ಬೆಂಕಿ ಹಚ್ಚುವುದು ಅವುಗಳಲ್ಲೊಂದು. ಕರೆಂಟು ಬೆಂಕಿಯಾ, ಕಟ್ಟುವ ಕೆಲಸವಾ, ಅಥವಾ ರೂಢಿಯಿಂದ ಬಂದ ನಿಷೇಧವಾ ಅಂತ ಪಂಡಿತರು ನೂರು ವರ್ಷದಿಂದ ಜಗಳವಾಡುತ್ತಿದ್ದಾರೆ, ನಾವು ಅದಕ್ಕೆ ಇಳಿಯುವುದು ಬೇಡ. ನೀವು ಯಹೂದಿ ಅಲ್ಲ, ಹಾಗಾಗಿ ನಿಮಗೆ ಬಟನ್ ಒತ್ತಲು ಅಡ್ಡಿ ಇಲ್ಲ. ಆದರೆ "ನೀನು ಒತ್ತು" ಅಂತ ಅವರು ನಿಮಗೆ ಹೇಳುವುದಕ್ಕೆ ಅಡ್ಡಿ ಇದೆ, ಯಹೂದಿ ಅಲ್ಲದವರಿಗೆ ಹೇಳಿ ಮಾಡಿಸುವುದನ್ನೂ ಹಿಂದಿನವರು ತಡೆದಿದ್ದಾರೆ. ಹೆಂಡತಿಯನ್ನು ವಾರವಾರ ಸ್ವಿಚ್ಚಿಗೆ ನಿಲ್ಲಿಸುವುದು ನನಗೂ ಯಾಕೋ ಸರಿ ಕಾಣುವುದಿಲ್ಲ. ಶುಕ್ರವಾರ ಹೊತ್ತು ಮುಳುಗುವ ಮುಂಚೆಯೇ ಹಚ್ಚಿಟ್ಟುಬಿಡುವ ದಾರಿಯನ್ನು ಕನ್ಸರ್ವೇಟಿವ್ ಸಮಿತಿ 2020ರ ಮೇ ತಿಂಗಳಲ್ಲಿ ಚರ್ಚಿಸಿ ಒಪ್ಪಿದೆ. ಮಾಡುವುದಾದರೆ ಲ್ಯಾಪ್‌ಟಾಪ್ ತಾನಾಗಿ ಮಲಗದಂತೆ, ರಾತ್ರಿ ಎರಡಕ್ಕೆ ಅಪ್‌ಡೇಟ್ ಶುರುವಾಗದಂತೆ ನೋಡಿಕೊಳ್ಳಿ. ಶನಿವಾರ ಬಿಟ್ಟುಬಿಟ್ಟರೂ ನಷ್ಟವಿಲ್ಲ, ವಾರದಲ್ಲಿ ಒಂದು ದಿನ ಆ ಮನುಷ್ಯನಿಗೆ ನಿದ್ದೆ ಬೇಡವಾ?

ಇನ್ನೊಂದು ಎಚ್ಚರಿಕೆ. ಆ ಜೂಮ್ ಲಿಂಕನ್ನು ಮನೆಯವರ ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. 2020ರಲ್ಲಿ ಸಿನಗಾಗ್‌ಗಳ ಜೂಮ್ ಪ್ರಾರ್ಥನೆಗೆ ನುಗ್ಗಿ ಯಹೂದಿದ್ವೇಷದ ಮಾತು ಕೂಗಿದವರಿದ್ದಾರೆ. 2022ರ ಜನವರಿಯಲ್ಲಿ ಟೆಕ್ಸಾಸ್‌ನ ಕಾಲಿವಿಲ್‌ನಲ್ಲಿ ಬಂದೂಕುಧಾರಿಯೊಬ್ಬ ಸಬ್ಬತ್ ಪ್ರಾರ್ಥನೆಯ ನಡುವೆ ನಾಲ್ವರನ್ನು ಒತ್ತೆಯಿಟ್ಟುಕೊಂಡಾಗ ಅದು ಫೇಸ್‌ಬುಕ್‌ನಲ್ಲಿ ನೇರ ಪ್ರಸಾರವಾಗುತ್ತಿತ್ತು. ನಾಲ್ವರೂ ಉಳಿದರು. ಆದರೆ ಇಂಥ ಭಯದಲ್ಲಿರುವ ಸಿನಗಾಗ್‌ಗಳು ಪಾಸ್‌ವರ್ಡ್ ಬಗ್ಗೆ ಯಾಕೆ ಅಷ್ಟು ಬಿಗಿ ಅಂತ ಇದರಿಂದ ಗೊತ್ತಾಗುತ್ತದೆ.

ಕದ್ದೀಶ್ ಹೇಳುವುದು ಹನ್ನೊಂದು ತಿಂಗಳು. ಪಾಪಿಗಳಿಗೆ ಸತ್ತ ಮೇಲೆ ಹನ್ನೆರಡು ತಿಂಗಳ ಶಿಕ್ಷೆ ಅನ್ನುವ ಹಳೆಯ ಮಾತಿದೆ, ಪೂರ್ತಿ ಹನ್ನೆರಡು ಹೇಳಿದರೆ ಅಪ್ಪ ಪಾಪಿ ಅಂತ ಮಗನೇ ಒಪ್ಪಿದ ಹಾಗೆ. ಅದಕ್ಕೆ ಒಂದು ತಿಂಗಳು ಮುಂಚೆಯೇ ನಿಲ್ಲಿಸುತ್ತಾರೆ. ನಿಮಗೆ ಇನ್ನು ಏಳು ತಿಂಗಳಿದೆ.

ಕೊನೆಗೆ, ನಿಮ್ಮ ಆಮೆನ್. ನೀವು ಹತ್ತರ ಎಣಿಕೆಯಲ್ಲಿ ಬರುವುದಿಲ್ಲ, ಆದರೆ ಆಮೆನ್ ಅನ್ನಬೇಡಿ ಅಂತ ಯಾರೂ ಹೇಳುವುದಿಲ್ಲ. ಲ್ಯಾಪ್‌ಟಾಪ್ ಮ್ಯೂಟ್‌ನಲ್ಲಿದ್ದರೂ ಆ ಅಡುಗೆಮನೆಯಲ್ಲಿ ಅವರ ಕಿವಿಗೆ ಬೀಳುವ ಒಂದು ದನಿ ನಿಮ್ಮದು. ಮೊದಲ "ಇಮ್ರು ಆಮೆನ್" ಬಂದಾಗ ಆಮೆನ್ ಜೊತೆಗೇ ಸಭೆ ಹೇಳುವ ಸಾಲೊಂದಿದೆ. ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಫ್ರಿಜ್‌ಗೆ ಅಂಟಿಸಿಕೊಳ್ಳಿ: "ಯೆಹೆ ಶ್ಮೆ ರಬ್ಬಾ ಮೆವಾರಖ್, ಲೆಆಲಮ್ ಉಲೆಆಲ್ಮೆ ಆಲ್ಮಯ್ಯಾ." ಆ ಮಹಾ ಹೆಸರು ಎಂದೆಂದಿಗೂ ಹರಸಲ್ಪಡಲಿ ಅಂತ ಅರ್ಥ. "ಖ್" ಮಾತ್ರ ಸ್ವಲ್ಪ ಗಂಟಲಿನಿಂದ ಬರಬೇಕು, ಎರಡು ದಿನಕ್ಕೆ ರೂಢಿಯಾಗುತ್ತದೆ.